ಡೈಮಂಡ್ ಸರ್ಟಿಫಿಕೇಟ್‌ನಲ್ಲಿರೋ ನಂಬರ್ ಕೂಡಿದ್ರೆ 61.5 ಬರುತ್ತೆ, ಆದ್ರೆ ಟೋಟಲ್ ಡೆಪ್ತ್ 61.8 ಅಂತ ಐತೆ. ಇದು ಡೂಪ್ಲಿಕೇಟಾ?

ಇಲ್ರೀ, ಅಷ್ಟಕ್ಕೇ ಡೂಪ್ಲಿಕೇಟ್ ಅನ್ಬೇಡಿ. ದಾವಣಗೆರೆ ಚೌಕಿಪೇಟೆಲಿ ನಮ್ಮ ಮಾವನ ಅಂಗಡಿ ಕೌಂಟರಲ್ಲಿ ಎಂಟು ವರ್ಷ ಕೂತಿದ್ದೀನಿ, ಈ ಲೆಕ್ಕ ಹಿಡ್ಕೊಂಡು ಜಗಳಕ್ಕೆ ಬಂದೋರನ್ನ ನೋಡಿದ್ದೀನಿ, ನಾನೇ ಮೊದಲ ವರ್ಷ ಒಬ್ಬ ಹೋಲ್‌ಸೇಲ್‌ನವರ ಜೊತೆ ಫೋನಲ್ಲಿ ಕೂಗಾಡಿ ಮರ್ಯಾದೆ ಕಳ್ಕೊಂಡಿದ್ದೀನಿ.

ನೀವು ಹಾಕಿರೋದು ಜಿಐಎ (ವಜ್ರ ಪರೀಕ್ಷೆ ಮಾಡಿ ಸರ್ಟಿಫಿಕೇಟ್ ಕೊಡೋ ಅಮೆರಿಕದ ಸಂಸ್ಥೆ) ರಿಪೋರ್ಟು, ರೌಂಡ್ ಕಲ್ಲು, 52 ಸೆಂಟ್, ಅಂದ್ರೆ 0.52 ಕ್ಯಾರೆಟ್. ಕ್ರೌನ್ ಹೈಟ್ (ಕಲ್ಲಿನ ಮೇಲ್ಭಾಗದ ಎತ್ತರ) 15.0, ಗರ್ಡಲ್ (ನಡುವಿನ ಅಂಚು) 3.5, ಪೆವಿಲಿಯನ್ ಡೆಪ್ತ್ (ಕೆಳಭಾಗದ ಆಳ) 43.0, ಎಲ್ಲಾ ಕಲ್ಲಿನ ಅಗಲದ ಪರ್ಸೆಂಟ್ ಲೆಕ್ಕದಲ್ಲಿ. ಈ ಮೂರನ್ನೂ ಅವರು ಅರ್ಧ ಪರ್ಸೆಂಟ್ ಹತ್ತಿರಕ್ಕೆ ರೌಂಡ್ ಮಾಡಿ ಬರೀತಾರೆ, ಟೋಟಲ್ ಡೆಪ್ತ್ ಮಾತ್ರ 0.1 ವರೆಗೆ ಬರೀತಾರೆ. ನಿಜವಾದ ಅಳತೆ 15.05, 3.6, 43.15 ಇತ್ತು ಅನ್ಕೊಳ್ಳಿ, ಕೂಡಿದ್ರೆ 61.8 ಸರಿಯಾಗೇ ಬರುತ್ತೆ, ಆದ್ರೆ ಪೇಪರ್ ಮೇಲೆ 15, 3.5, 43 ಅಂತಾನೇ ಕಾಣೋದು. ಎಪಿಎಂಸಿಗೆ ಮೆಕ್ಕೆಜೋಳ ಹಾಕಿದೋರಿಗೆ ಇದು ಹೊಸದಲ್ಲ, 10 ಕೆಜಿ ಲೆಕ್ಕದಲ್ಲಿ ತೋರ್ಸೋ ವೇಬ್ರಿಡ್ಜ್ ಮೇಲೆ ಮೂರು ಟ್ರ್ಯಾಕ್ಟರ್ ಬೇರೆ ಬೇರೆ ತೂಗಿ ಕೂಡಿದ್ದಕ್ಕೂ ಅದೇ ಮಾಲನ್ನ ಒಟ್ಟಿಗೆ ಒಂದೇ ಲಾರಿಲಿ ತೂಗಿದ್ದಕ್ಕೂ ತಾಳೆ ಆಗಲ್ಲ. ನಿಮ್ಮ ಕಲ್ಲಿನ ಅಗಲ 5.15, 5.18, ಎತ್ತರ 3.19 ಮಿಲಿಮೀಟರ್ ಅಂತ ಐತಲ್ಲ, 3.19ನ್ನ ಮಧ್ಯದ 5.165ರಿಂದ ಭಾಗಿಸಿ 100ರಿಂದ ಗುಣಿಸಿ ನೋಡಿ, 61.8 ಸಿಗುತ್ತೆ. ಅಲ್ಲಿಗೆ ಆ ಅನುಮಾನ ಮುಗೀತು.

ಆದ್ರೆ ರೌಂಡ್ ಮಾಡೋದ್ರಿಂದ ಮುಚ್ಚಿಹೋಗೋದು ಬೇರೆ ಐತೆ, ಜನ ಅದನ್ನ ಕೇಳೋದೇ ಇಲ್ಲ. ಕ್ರೌನ್ ಆಂಗಲ್ (ಮೇಲಿನ ಮುಖಗಳ ಓರೆ) ರೌಂಡ್ ಮಾಡೋದು 0.5 ಡಿಗ್ರಿ ಲೆಕ್ಕ, ಪೆವಿಲಿಯನ್ ಆಂಗಲ್ (ಕೆಳಗಿನ ಮುಖಗಳ ಓರೆ) 0.2 ಡಿಗ್ರಿ ಲೆಕ್ಕ. ನಿಮ್ಮ ಪೆವಿಲಿಯನ್ ಆಂಗಲ್ 40.8 ಅಂದ್ರೆ 40.7ರಿಂದ 40.9ರ ಒಳಗೆ ಎಲ್ಲಾದ್ರೂ ಇರಬೋದು. ಇಲ್ಲೊಂದು ಕಿತಾಪತಿ ಮಾಡಬೋದು. ಕ್ಯಾಲ್ಕುಲೇಟರಲ್ಲಿ ಟ್ಯಾನ್ 40.8 ಒತ್ತಿ, ಬಂದಿದ್ದನ್ನ ಅರ್ಧ ಮಾಡಿ 100ರಿಂದ ಗುಣಿಸಿ, ಪೆವಿಲಿಯನ್ ಡೆಪ್ತ್ 43.16 ಬರುತ್ತೆ. ಆಂಗಲ್ 40.86 ದಾಟಿದ್ರೆ ಇದು 43.25 ಮೇಲೆ ಹೋಗಿ ಪೇಪರಲ್ಲಿ 43.5 ಅಂತ ಆಗಿರ್ತಿತ್ತು. ನಿಮ್ದು 43.0 ಇರೋದ್ರಿಂದ ತೀರಾ ಮೇಲಿನ ತುದಿ ಅಲ್ಲ ಅಂತ ಗೊತ್ತಾಯ್ತು. ದೊಡ್ಡ ವಿಷಯ ಏನಲ್ಲ, ಕಣ್ಣಿಗೆ ಕಾಣೋ ವ್ಯತ್ಯಾಸವೂ ಅಲ್ಲ, ನನಗೆ ಚಟ ಅಷ್ಟೇ.

ಕಣ್ಣಿಗೆ ಕಾಣೋದು ಆವರೇಜ್‌ನಿಂದ ಆಗೋ ಮೋಸ. ಪೆವಿಲಿಯನ್ ಕೆಳಗೆ ಎಂಟು ಮೇನ್ ಮುಖ ಇರ್ತವೆ, ಎಂಟನ್ನೂ ಅಳೆದು ಸರಾಸರಿ ತೆಗೆದು ಆಮೇಲೆ ರೌಂಡ್ ಮಾಡ್ತಾರೆ. ಒಂದ್ಸಲ ಮದುವೆಗೆ ಅಂತ ಒಂಟಿ ಕಲ್ಲಿನ ಓಲೆಗೆ ಎರಡು ಕಲ್ಲು ಪೇಪರ್ ನೋಡೇ ಜೋಡಿ ಮಾಡಿ ತರಿಸಿದ್ದೆ, ಎರಡೂ ಕ್ರೌನ್ 34.5, ಪೆವಿಲಿಯನ್ 40.8, ಎರಡಕ್ಕೂ ಕಟ್ ಗ್ರೇಡ್ (ಕಟಿಂಗ್ ಎಷ್ಟು ಚೆನ್ನಾಗೈತೆ ಅನ್ನೋ ದರ್ಜೆ) ಎಕ್ಸಲೆಂಟ್, ನನಗೆ ಭಾರಿ ಖುಷಿ. ಹುಡುಗಿ ಅಜ್ಜಿ ಬಂದ್ರು, ಕನ್ನಡಕನೂ ಇಲ್ಲ, ಅಂಗೈಲಿ ಇಟ್ಕೊಂಡು ಬಾಗಿಲ ಹತ್ರ ಹೋಗಿ ಎರಡು ಸಲ ಆಚೆ ಈಚೆ ಅಲ್ಲಾಡಿಸಿ, "ಇದು ಒಂದು ಕಡೆ ಮಂಕೈತಲ್ಲಪ್ಪ" ಅಂದ್ರು. ನಾನು ಬೆಳಕಿನ ದೋಷ ಅಂತೆಲ್ಲ ಹೇಳಿ ನೋಡ್ದೆ, ಕೇಳ್ಲಿಲ್ಲ. ಆಮೇಲೆ ಆ ಕಲ್ಲಿನ ಒಂದೊಂದು ಮುಖನೂ ಅಳೆಯೋ ಸರೀನ್ ಮೆಷಿನ್ ಸ್ಕ್ಯಾನ್ ತರಿಸಿದ್ರೆ ಮುಖಗಳು 40.2ರಿಂದ 41.5ವರೆಗೆ ಓಡಾಡ್ತಾ ಇದ್ವು, ಸರಾಸರಿ ಮಾತ್ರ ಚೊಕ್ಕಟವಾಗಿ 40.8. ಕಲ್ಲು ವಾಪಸ್ ಹೋಯ್ತು, ಅಜ್ಜಿ ಮುಂದೆ ನನ್ನ ಮುಖ ಸಣ್ಣದಾಯ್ತು.

ಅದಕ್ಕೇ ಎಕ್ಸಲೆಂಟ್ ಅಂತ ಇದ್ರೆ ಸಾಕು ಅನ್ಕೋಬೇಡಿ. ಜಿಐಎ 2006ರಲ್ಲಿ ರೌಂಡ್ ಕಲ್ಲಿಗೆ ಕಟ್ ಗ್ರೇಡ್ ಶುರು ಮಾಡ್ತು, ಅದರಲ್ಲಿ ಪೆವಿಲಿಯನ್ 41.8 ವರೆಗೂ ಎಕ್ಸಲೆಂಟ್ ಬರೋ ಸಾಧ್ಯತೆ ಐತೆ. ಕ್ರೌನ್ ಕಡಿದಾಗಿದ್ರೆ ಪೆವಿಲಿಯನ್ ಸ್ವಲ್ಪ ಕಮ್ಮಿ ಇರಬೇಕು, ಎರಡೂ ಒಟ್ಟಿಗೆ ಜಾಸ್ತಿ ಆದ್ರೆ ಬೆಳಕು ಕೆಳಗಡೆ ಸೋರಿ ಹೋಗುತ್ತೆ, ಕ್ರೌನ್ 35.5 ಜೊತೆ ಪೆವಿಲಿಯನ್ 41.4 ನೋಡಿದ್ರೆ ನಾನಂತೂ ತಗೊಳಲ್ಲ. ನಿಮ್ಮ 34.5, 40.8 ಒಳ್ಳೆ ಜೋಡಿ.

ತೂಕ ರೌಂಡ್ ಮಾಡೋದ್ರಲ್ಲಿ ಮಾತ್ರ ಜಿಐಎನವರು ಗಿರಾಕಿ ಕಡೆಗೇ, ಪಾಯಿಂಟ್ ಆದ್ಮೇಲಿನ ಮೂರನೇ ಅಂಕಿ 9 ಇದ್ರೆ ಮಾತ್ರ ಮೇಲೆ ಹತ್ತಿಸ್ತಾರೆ, 0.998 ಕ್ಯಾರೆಟ್ ಇದ್ರೂ 0.99 ಅಂತಾನೇ ಬರೀತಾರೆ.

ದುಡ್ಡು ಕಟ್ಟೋ ಮುಂಚೆ ರಿಪೋರ್ಟ್ ನಂಬರ್‌ನ ಜಿಐಎ ಸೈಟಲ್ಲಿ ಹಾಕಿ ನೋಡಿ, ಗರ್ಡಲ್ ಮೇಲೆ ಲೇಸರಲ್ಲಿ ಅದೇ ನಂಬರ್ ಇದ್ರೆ ಲೂಪ್ (ಚಿಕ್ಕ ಭೂತಗನ್ನಡಿ) ಕೇಳಿ ಓದ್ಕೊಳ್ಳಿ, ತೋರಿಸೋಕೆ ಬೇಜಾರು ಮಾಡ್ಕೊಂಡ್ರೆ ಬೇರೆ ಅಂಗಡಿ. ಆಮೇಲೆ ಕಲ್ಲನ್ನ ಷೋಕೇಸ್ ಲೈಟಿಂದ ಈಚೆ ತಂದು ಬಾಗಿಲ ನೆರಳಲ್ಲಿ ನಿಂತು ಆ ಅಜ್ಜಿ ಥರಾನೇ ಆಚೆ ಈಚೆ ಅಲ್ಲಾಡಿಸಿ ನೋಡಿ.