ಪ್ರತಿಕ್ರಿಯೆ: ಭುಜ್ ಭೂಕಂಪದ ಲೆಕ್ಕದಲ್ಲಿ ಏಳು ಸೊನ್ನೆ ಜಾಸ್ತಿ ಯಾಕೆ?

ಭೂಕಂಪದ ತೀವ್ರತೆಯಿಂದ ಅದರ ಶಕ್ತಿಯನ್ನು ಲೆಕ್ಕ ಹಾಕುವ ನಿಮ್ಮ ಪ್ರೋಗ್ರಾಂ ಸರಿಯಾಗಿಯೇ ಇದೆ. 2001ರ ಭುಜ್ ಭೂಕಂಪಕ್ಕೆ ತೀವ್ರತೆ 7.7 ಕೊಟ್ಟರೆ ಎಚ್‌ಪಿ-15ಸಿ ಕ್ಯಾಲ್ಕುಲೇಟರ್ 2.24, ಘಾತ 23 (ಅಂದರೆ 2.24 × 10ರ ಘಾತ 23) ತೋರಿಸುತ್ತದೆ, ಪುಸ್ತಕದಲ್ಲಿ ಘಾತ 16 ಇದೆ ಅಂದಿದ್ದೀರಿ. ತೀವ್ರತೆಯನ್ನು 1.5ರಿಂದ ಗುಣಿಸಿ ನೀವು ಕೂಡಿಸಿರುವ 11.8, ಅರ್ಗ್ ಎಂಬ ಚಿಕ್ಕ ಶಕ್ತಿಮಾನದ ಲೆಕ್ಕದ್ದು. ಪುಸ್ತಕದಲ್ಲಿರುವ ಹಾಗೆ ಜೂಲ್‌ನಲ್ಲಿ ಬೇಕಿದ್ದರೆ 4.8 ಹಾಕಿ. ಒಂದು ಜೂಲ್ ಅಂದರೆ ಒಂದು ಕೋಟಿ ಅರ್ಗ್, ಅಷ್ಟೇ ವ್ಯತ್ಯಾಸ.

ಪ್ರೋಗ್ರಾಂ ಇಷ್ಟು ಸಾಕು: ಎಲ್‌ಬಿಎಲ್ ಎ (ಪ್ರೋಗ್ರಾಂಗೆ ‘ಎ’ ಅನ್ನುವ ಗುರುತು), 1.5, ×, 4.8, +, 10ರ ಘಾತದ ಕೀ, ಆರ್‌ಟಿಎನ್ (ಮುಕ್ತಾಯ). ಆಮೇಲೆ ತೀವ್ರತೆಯ ಅಂಕಿ ಹಾಕಿ ಎಫ್, ಎ ಒತ್ತಿ. 1993ರ ಲಾತೂರ್ ಭೂಕಂಪದ 6.2 ಕೊಟ್ಟು ನೋಡಿ, 1.26, ಘಾತ 14 ಬರಬೇಕು. ಅಂದರೆ ಭುಜ್‌ನಲ್ಲಿ ಸುಮಾರು 178 ಪಟ್ಟು ಶಕ್ತಿ. ಅಂಕಿಯಲ್ಲಿ ನೋಡಿದರೆ ಬರೀ ಒಂದೂವರೆ ಜಾಸ್ತಿ, ಅಲ್ವಾ?

ಇನ್ನೊಂದು ಮಾತು. ಉತ್ತರದಲ್ಲಿ ಆರೇಳು ಅಂಕಿ ಬಂತು ಅಂತ ಎಲ್ಲವನ್ನೂ ಸುಮ್ನೆ ಬರೆದುಕೊಳ್ಳಬೇಡಿ. ಭುಜ್‌ಗೆ 7.6 ಅಂತಲೂ ಕೆಲವು ಕಡೆ ಕೊಡುತ್ತಾರೆ. ಆ 0.1 ವ್ಯತ್ಯಾಸಕ್ಕೇ ಶಕ್ತಿ 1.4 ಪಟ್ಟು ಬದಲಾಗುತ್ತದೆ. ಜೊತೆಗೆ ಈ ಸೂತ್ರ ಹೇಳುವುದು ಅಲೆಗಳಾಗಿ ಹೊರಟ ಶಕ್ತಿ ಮಾತ್ರ. ಬಂಡೆ ಒಡೆಯಲು, ಉಜ್ಜಾಟದ ಬಿಸಿಗೆ ಹೋದದ್ದು ಇದರಲ್ಲಿ ಸೇರಿಲ್ಲ.