ವಾಸಿಯಾದ ಮಲೇರಿಯಾ ಮತ್ತೆ ಬಂದಿದ್ದು ಹೇಗೆ: ನನ್ನ 5 + 9 ಲೆಕ್ಕ

ಮೊದಲು ನನ್ನದೊಂದು ಪ್ರಶ್ನೆ. ಮಂಗಳೂರಲ್ಲಿ ಮಲೇರಿಯಾ ಬಂದಾಗ ಕೊಟ್ಟ ಮಾತ್ರೆ ಎಷ್ಟು ದಿನ ನುಂಗಿದಿರಿ? ನಿಜ ಹೇಳಿ. ಊರಿಗೆ ಬಂದ ನಾಲ್ಕು ತಿಂಗಳಿಗೆ ಮತ್ತೆ ಜ್ವರ, ರಿಪೋರ್ಟಲ್ಲಿ ವೈವಾಕ್ಸ್ ಎಂಬ ಜಾತಿಯ ಮಲೇರಿಯಾ ರೋಗಾಣು, ಮೈಯಲ್ಲಿ ಶಕ್ತಿ ಬರಲು ಏನು ತಿನ್ನಬೇಕು ಎಂದು ಕೇಳಿದ್ದೀರಿ. ಇದನ್ನೇ ಕೇಳುತ್ತಾ ಎಂಟು ತಿಂಗಳು ಹಾಳು ಮಾಡಿಕೊಂಡವನು ನಾನು.

ನಮ್ಮದು ಕೋಲಾರ ಜಿಲ್ಲೆ, ಶ್ರೀನಿವಾಸಪುರದ ಕಡೆ. ಟೈಲ್ಸ್ ಹಾಕುವ ಕೆಲಸ. ಒಂದು ಮಳೆಗಾಲದಲ್ಲಿ ಎರಡು ತಿಂಗಳು ಮಂಗಳೂರಿಗೆ ಹೋಗಿದ್ದೆವು, ಅಪಾರ್ಟ್‌ಮೆಂಟ್ ಕೆಲಸಕ್ಕೆ. ಮಲಗುತ್ತಿದ್ದುದೂ ಅದೇ ಕಟ್ಟಡದಲ್ಲಿ. ಮೇಲಿನ ಸ್ಲ್ಯಾಬಿಗೆ ಕ್ಯೂರಿಂಗ್, ಅಂದ್ರೆ ಕಾಂಕ್ರೀಟು ಗಟ್ಟಿಯಾಗಲಿ ಎಂದು ನೀರು ಕಟ್ಟಿದ್ದರು. ಕನ್ನಡಿ ತರ ನೀರು. ಸೊಳ್ಳೆ ಅಂದ್ರೆ ಚರಂಡಿ ಎಂದುಕೊಂಡಿದ್ದ ನಮಗೆ ಅದರ ಮೇಲೆ ಅನುಮಾನವೇ ಬರಲಿಲ್ಲ. ಪೇಟೆಯಲ್ಲಿ ಮಲೇರಿಯಾ ಹರಡುವ ಅನಾಫಿಲಿಸ್ ಸೊಳ್ಳೆಗೆ ಬೇಕಾದ್ದೇ ಅಂಥ ತಿಳಿನೀರಂತೆ. ಕಚ್ಚುವುದು ಕತ್ತಲಾದ ಮೇಲೆ. ನಮ್ಮಲ್ಲಿ ಒಬ್ಬನ ಹತ್ತಿರವೂ ಸೊಳ್ಳೆಪರದೆ ಇರಲಿಲ್ಲ.

ಜ್ವರ ಹೇಗಿರುತ್ತದೆ ಎಂದು ನಿಮಗೆ ಹೇಳಬೇಕಾಗಿಲ್ಲ. ಮೂರು ರಗ್ಗು ಹೊದ್ದರೂ ಹಲ್ಲು ಕಟಕಟ, ಆಮೇಲೆ ಮೈ ಕೆಂಡ, ಆಮೇಲೆ ಬೆವರು. ಮಾರನೇ ದಿನ ಏನೂ ಆಗದವನ ಹಾಗೆ ಓಡಾಟ, ಅದರ ಮಾರನೇ ದಿನ ಮತ್ತೆ ಶುರು. ಅಲ್ಲೇ ರಕ್ತ ನೋಡಿ ಎರಡು ತರದ ಮಾತ್ರೆ ಕೊಟ್ಟರು. ಕ್ಲೋರೋಕ್ವಿನ್ 3 ದಿನ, ಪ್ರೈಮಾಕ್ವಿನ್ 14 ದಿನ.

ಮೂರನೇ ದಿನಕ್ಕೇ ಜ್ವರ ಬಿಟ್ಟಿತು. ಐದನೇ ದಿನ ರಾತ್ರಿ ಬಸ್ಸಲ್ಲಿ ಊರಿಗೆ ಹೊರಟೆ. ಖಾಲಿ ಹೊಟ್ಟೆಗೆ ಮಾತ್ರೆ ನುಂಗಿದ್ದೆ, ಶಿರಾಡಿ ಘಾಟಿ ಹತ್ತುವಷ್ಟೂ ಹೊತ್ತು ಹೊಟ್ಟೆ ತೊಳಸಿತು. ಜ್ವರವೇ ಇಲ್ಲ, ಈ ಸಂಕಟ ಯಾಕೆ ಎಂದು ಅವತ್ತೇ ನಿಲ್ಲಿಸಿದೆ. 5 ಹೊಟ್ಟೆಗೆ ಹೋಗಿದ್ದವು, 9 ಉಳಿದವು. ಉಳಿದ ಸ್ಟ್ರಿಪ್ ಅಡುಗೆಮನೆ ಗೂಡಿನಲ್ಲಿ ಬೆಂಕಿಪೊಟ್ಟಣದ ಪಕ್ಕ ಕೂತಿತು.

ಕಾರ್ತಿಕ ಮಾಸದಲ್ಲಿ ಮತ್ತೆ ಚಳಿ. ನಮ್ಮ ಕಡೆಯ ಡಾಕ್ಟರು ಡೆಂಗಿ ನೋಡಿದರು, ಟೈಫಾಯಿಡ್ ನೋಡಿದರು, ಡ್ರಿಪ್ ಹಾಕಿದರು. ಮಂಗಳೂರಿನ ಮಾತು ನಾನು ಎತ್ತಲೇ ಇಲ್ಲ. ಮೂರು ತಿಂಗಳ ಹಳೆ ಕಥೆ, ಅಲ್ವಾ? ಕೊನೆಗೆ ರಕ್ತದ ಹನಿಯನ್ನು ಗಾಜಿನ ಸ್ಲೈಡಿಗೆ ಹಚ್ಚಿ ನೋಡಿದಾಗ ಮಲೇರಿಯಾ ಸಿಕ್ಕಿತು. ಮತ್ತೆ ಅದೇ ಮಾತ್ರೆ ಬರೆದುಕೊಟ್ಟರು. ಆಗ ನನಗೆ ಗೂಡಿನ ನೆನಪಾಯಿತು. ಕ್ಲೋರೋಕ್ವಿನ್ ಮಾತ್ರ ತಗೊಂಡೆ, ಪ್ರೈಮಾಕ್ವಿನ್‌ಗೆ ಆ 9 ನುಂಗಿದೆ. ಐದೂ ಒಂಬತ್ತೂ ಹದಿನಾಲ್ಕು. ಕೋರ್ಸ್ ಮುಗಿಯಿತು!

ಒಂದು ಮನೆಯಲ್ಲಿ ಮಿಕ್ಕ ಟೈಲ್ಸ್ ಇನ್ನೊಂದು ಮನೆಗೆ ಹಾಕಿ ಅಭ್ಯಾಸವಾದ ತಲೆ ನೋಡಿ. ಹದಿನಾಲ್ಕು ಅಂದ್ರೆ ದಿನ ತಪ್ಪದೆ ಸಾಲಾಗಿ ಹದಿನಾಲ್ಕು ದಿನ. ವೈವಾಕ್ಸ್ ರಕ್ತದಲ್ಲಷ್ಟೇ ಇರುವುದಿಲ್ಲ, ಲಿವರ್ ಒಳಗೆ ಹೋಗಿ ಮಲಗಿಯೂ ಇರುತ್ತದೆ. ಕ್ಲೋರೋಕ್ವಿನ್ ರಕ್ತದಲ್ಲಿರುವುದನ್ನು ಕೊಲ್ಲುತ್ತದೆ, ಅದಕ್ಕೇ ಜ್ವರ ಬಿಡುವುದು. ಮಲಗಿರುವುದಕ್ಕೆ ಅದು ನಾಟುವುದಿಲ್ಲ, ಅದಕ್ಕೆಂದೇ ಪ್ರೈಮಾಕ್ವಿನ್ ಕೊಡುವುದು. ಅರ್ಧಕ್ಕೆ ಬಿಟ್ಟರೆ ಉಳಿದದ್ದು ವಾರಗಳೋ ತಿಂಗಳುಗಳೋ ಬಿಟ್ಟು ಏಳುತ್ತದೆ. ಹೊಸ ಸೊಳ್ಳೆ ಕಚ್ಚಬೇಕಾಗಿಯೇ ಇಲ್ಲ. ಹಾಗಾಗಿ ನಿಮ್ಮ ಪ್ರಶ್ನೆಯೇ ಸರಿಯಿಲ್ಲ ಎನ್ನುತ್ತೇನೆ. ಶಕ್ತಿ ಇಲ್ಲದೆ ಮತ್ತೆ ಬಂದದ್ದಲ್ಲ ಅದು, ಹೋಗಿಯೇ ಇರಲಿಲ್ಲ. ಅಮೃತಬಳ್ಳಿ ಕಷಾಯ ನಾನೂ ಕುಡಿದೆ. ಪರಂಗಿ ಎಲೆ ರಸವನ್ನೂ ಯಾರೋ ಅರೆದು ತಂದುಕೊಟ್ಟರು. ಬಾಯಿ ಕಹಿಯಾಯಿತು, ಅಷ್ಟೇ.

ಯುಗಾದಿ ಹೊತ್ತಿಗೆ ಮೂರನೇ ಸಲ. ಅಷ್ಟರಲ್ಲಿ ರಕ್ತ ಕಡಿಮೆಯಾಗಿ ಒಂದು ಬಾಕ್ಸ್ ಟೈಲ್ಸ್ ಎತ್ತಿದರೆ ಏದುಸಿರು. ಎಡಗಡೆ ಪಕ್ಕೆಲುಬಿನ ಕೆಳಗೆ ಭಾರ, ಗುಲ್ಮ ಊದಿದೆ ಎಂದರು. ಸರ್ಕಾರಿ ಆಸ್ಪತ್ರೆಯಲ್ಲಿ ನನ್ನ ಲೆಕ್ಕ ಕೇಳಿ ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ನನ್ನ ಮುಖವನ್ನೇ ನೋಡಿದರು. ಬೈದಿದ್ದರೆ ಚೆನ್ನಾಗಿತ್ತು. ಮಾತ್ರೆ ಕೊಡುವ ಮುಂಚೆ ಜಿ6ಪಿಡಿ ಎನ್ನುವ ಕಿಣ್ವದ ರಕ್ತಪರೀಕ್ಷೆ ಮಾಡಿಸಿದರು. ಆ ಕಿಣ್ವ ಕಡಿಮೆ ಇರುವವರಿಗೆ ಪ್ರೈಮಾಕ್ವಿನ್ ಕೊಟ್ಟರೆ ಕೆಂಪು ರಕ್ತಕಣ ಒಡೆದು ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತದಂತೆ. ಬಸುರಿಯರಿಗೂ ಕೊಡುವ ಹಾಗಿಲ್ಲ. ಆದ್ದರಿಂದ ಇದನ್ನು ಓದಿ ನೇರ ಮೆಡಿಕಲ್ ಸ್ಟೋರಿಗೆ ಹೋಗಬೇಡಿ. ಗೂಡಿನಲ್ಲಿರುವುದನ್ನೂ ಮುಟ್ಟಬೇಡಿ!

ಈ ಸಲ ರಾತ್ರಿ ಮುದ್ದೆ ಉಂಡ ಮೇಲೆ ಮಾತ್ರೆ. ಹೊಟ್ಟೆ ತೊಳಸಲಿಲ್ಲ. ಅಮ್ಮ ನಾನು ನುಂಗುವುದನ್ನು ನಿಂತು ನೋಡಿ, ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಒಂದು ಗೆರೆ ಎಳೆಯುತ್ತಿದ್ದರು. ಆಶಾ ಅಕ್ಕ ಬಂದು ಮನೆಯವರೆಲ್ಲರ ಬೆರಳು ಚುಚ್ಚಿ ರಕ್ತ ತೆಗೆದರು. ನನ್ನನ್ನು ಕಚ್ಚಿದ ನಮ್ಮೂರ ಸೊಳ್ಳೆ ಅವರಿಗೂ ಹಚ್ಚಬಹುದಿತ್ತಲ್ಲ. ಯಾರಿಗೂ ಇರಲಿಲ್ಲ, ಪುಣ್ಯ.

ಇನ್ನು ಮಂಗಳೂರಿನ ಕೆಲಸ ಬಿಡಬೇಕಾ ಎಂದು ಕೊನೆಯಲ್ಲಿ ಕೇಳಿದ್ದೀರಿ. ಯಾಕೆ ಬಿಡಬೇಕು? ನಾನು ಆಮೇಲೆ ಎರಡು ಸಲ ಹೋಗಿ ಬಂದೆ, ಸೊಳ್ಳೆಪರದೆ ಕಟ್ಟಿಕೊಂಡು. ಜೊತೆಯ ಹುಡುಗರು ಮದುಮಗ ಎಂದು ರೇಗಿಸಿದರು, ರೇಗಿಸಲಿ. ನಾಳೆ ಡಾಕ್ಟರ ಮುಂದೆ ಕೂತ ತಕ್ಷಣ ಜ್ವರಕ್ಕಿಂತ ಮೊದಲು ಮಂಗಳೂರು ಎನ್ನಿ. ಆಮೇಲೆ ಎಷ್ಟು ಮಾತ್ರೆ ಬಿಟ್ಟಿರಿ ಎಂದು ಹೇಳಿ. ನಾಚಿಕೆಯಾದರೆ ನನ್ನ ಕಥೆ ನಿಮ್ಮದೆಂದೇ ಹೇಳಿಬಿಡಿ.