ಮಾತ್ರೆ ಶುರುವಾದ ಮೇಲೆ ಕಥೆ ನಿಂತಿತು ಎಂದವರು

ಇವರನ್ನು ಸುಮತಿ ಎನ್ನೋಣ. ಹೆಸರು, ಗುರುತು ಸಿಗುವಂಥ ವಿವರ ಎಲ್ಲ ಬದಲಿಸಿದ್ದೇನೆ. ಕಥೆ ಬರೆಯುತ್ತಾರೆ, ಬೈಪೋಲಾರ್ ಕಾಯಿಲೆ ಇದೆ, ಅಂದರೆ ಮನಸ್ಸು ಕೆಲವು ಕಾಲ ಅತಿಯಾಗಿ ಉಬ್ಬುತ್ತದೆ, ಕೆಲವು ಕಾಲ ಖಿನ್ನತೆಗೆ ಕುಸಿಯುತ್ತದೆ. ಈ ಏರಿಳಿತ ತಡೆಯಲು ಕೊಟ್ಟಿದ್ದ ಲಿಥಿಯಂ ಮಾತ್ರೆಯನ್ನು ಯಾರಿಗೂ ಹೇಳದೆ ಬಿಟ್ಟಿದ್ದರು. ಗೊತ್ತಾದ ಮೇಲೆ ಗಂಡ ಆಪ್ತಸಮಾಲೋಚನೆಗೆಂದು ನನ್ನ ಹತ್ತಿರ ಕರೆದುಕೊಂಡು ಬಂದರು.

"ಮಾತ್ರೆ ಶುರುವಾದ ಮೇಲೆ ಒಂದು ಸಾಲೂ ಬರ್ತಿಲ್ಲ ಮೇಡಂ. ಕಾಯಿಲೆನೇ ನನ್ನ ಕೈಲಿ ಬರೆಸ್ತಿತ್ತು. ಶೂಮನ್‌ಗೂ ಹಾಗೇ ಅಲ್ವಾ?"

ಮೊದಲು ಅವರ ಮನೋವೈದ್ಯರಿಗೆ ಅಲ್ಲಿಂದಲೇ ಫೋನ್ ಮಾಡಿಸಿದೆ. ಆಮೇಲೆ ಮಾತು. ಜರ್ಮನಿಯ ಸಂಗೀತಗಾರ ರಾಬರ್ಟ್ ಶೂಮನ್ 1840ರ ಒಂದೇ ವರ್ಷದಲ್ಲಿ ನೂರಕ್ಕೂ ಜಾಸ್ತಿ ಹಾಡು ರಚಿಸಿದ್ದು ನಿಜ. ಆದರೆ 1844ರಲ್ಲಿ ಖಿನ್ನತೆ ಕವಿದು ಕೆಲಸವೇ ಹೆಚ್ಚುಕಡಿಮೆ ನಿಂತುಹೋಯಿತು, 1854ರಲ್ಲಿ ಪ್ರಾಣ ಕಳೆದುಕೊಳ್ಳಲು ಹೋದರು, ಜನ ಉಳಿಸಿದರೂ ಆಸ್ಪತ್ರೆ ಸೇರಿದವರು ಮನೆಗೆ ಮರಳಲೇ ಇಲ್ಲ, 46ನೇ ವಯಸ್ಸಿಗೆ ಅಲ್ಲೇ ತೀರಿಕೊಂಡರು. ಇನ್ನೆಷ್ಟು ಹಾಡು ಬರಬಹುದಿತ್ತು!

ಮುಂದಿನ ಸಲ ಹಳೆಯ ನೋಟ್‌ಬುಕ್ ತನ್ನಿ, ತಾರೀಕು ನೋಡೋಣ ಎಂದೆ. ನಿದ್ದೆಗೆಟ್ಟು ಬರೆದ ದಿನಗಳ ಪುಟಗಳೇ ರಾಶಿ ರಾಶಿ. ಕೆಲವು ಸಾಲು ನಿಜಕ್ಕೂ ಚೆನ್ನಾಗಿದ್ದವು, ಇಲ್ಲ ಎನ್ನಲಾರೆ. ಆದರೆ ಒಂದು ಕಥೆಯೂ ಮುಗಿದಿರಲಿಲ್ಲ. ಅಚ್ಚಾದ ಕಥೆಗಳೆಲ್ಲ ಮನಸ್ಸು ತಿಳಿಯಾಗಿದ್ದಾಗ ಕೂತು ತಿದ್ದಿದವು. ಇದನ್ನು ಪುಟ ತಿರುವುತ್ತಾ ಅವರೇ ಹೇಳಿದರು.

ಡೆನ್ಮಾರ್ಕಿನ ವೈದ್ಯ ಮೋಗೆನ್ಸ್ ಸ್ಕೌ 1979ರಲ್ಲಿ, ಲಿಥಿಯಂ ತೆಗೆದುಕೊಳ್ಳುತ್ತಿದ್ದ 24 ಲೇಖಕರು, ಕಲಾವಿದರ ಅನುಭವ ಪ್ರಕಟಿಸಿದ್ದರು. 12 ಮಂದಿಯ ಕೆಲಸ ಹೆಚ್ಚಿತ್ತು, 6 ಮಂದಿಗೆ ಮೊದಲಿನಷ್ಟೇ, ಇನ್ನು 6 ಮಂದಿಗೆ ಕಡಿಮೆಯಾಗಿತ್ತು. ಆ ಕೊನೆಯ ಆರು ಜನರ ವಿಷಯವನ್ನೂ ನಾನು ಮುಚ್ಚಿಡಲಿಲ್ಲ, ಸುಮತಿಯ ಕಷ್ಟ ಸುಳ್ಳಲ್ಲ. ಆದರೆ ಲಿಥಿಯಂ ಇದ್ದಕ್ಕಿದ್ದಂತೆ ನಿಲ್ಲಿಸಿದರೆ ಕಾಯಿಲೆ ಮರುಕಳಿಸುವ ಅಪಾಯ ಜಾಸ್ತಿ.

ಕೊಟ್ಟ ಸಲಹೆ ಇಷ್ಟು. "ತಲೆ ಮಂಕಾಗಿದೆ, ಬರೆಯೋಕಾಗ್ತಿಲ್ಲ" ಎಂದು ವೈದ್ಯರಿಗೆ ಇದೇ ಮಾತಲ್ಲಿ ಹೇಳಿ. ರಕ್ತದಲ್ಲಿ ಲಿಥಿಯಂ ಎಷ್ಟಿದೆ ನೋಡಿ ಅವರು ಡೋಸ್ ಬದಲಿಸಬಹುದು. ಥೈರಾಯ್ಡ್ ಪರೀಕ್ಷೆಯೂ ಆಗಲಿ, ಲಿಥಿಯಂನಿಂದ ಥೈರಾಯ್ಡ್ ಗ್ರಂಥಿಯ ಕೆಲಸ ಕುಗ್ಗಿದರೂ ಹೀಗೇ ಮಂಕು ಬಡಿಯಬಹುದು. ಬರವಣಿಗೆ ಹಗಲಲ್ಲಿ, ರಾತ್ರಿ ನಿದ್ದೆ ಮಾತ್ರ. ಎರಡು ರಾತ್ರಿ ಸರಿಯಾಗಿ ಮಲಗದೆಯೂ ಸುಸ್ತೇ ಇಲ್ಲ ಎನಿಸಿದರೆ ಮನಸ್ಸು ಮತ್ತೆ ಉಬ್ಬುತ್ತಿರಬಹುದು, ಆಗ ಗಂಡ ಇವರ ಒಪ್ಪಿಗೆಗೆ ಕಾಯದೆ ವೈದ್ಯರಿಗೆ ಫೋನ್ ಮಾಡಬೇಕು. ಇದಕ್ಕೆ ಸುಮತಿ ಸ್ವಲ್ಪ ಜಗಳವಾಡಿಯೇ ಒಪ್ಪಿದರು.

ನೀವೂ ಹೀಗೆ ಮಾತ್ರೆ ಬಿಟ್ಟು ಕೂತಿದ್ದರೆ ಇವತ್ತೇ ನಿಮ್ಮ ವೈದ್ಯರಿಗೆ ತಿಳಿಸಿ. ಯಾರಿಗೆ ಹೇಳಬೇಕೋ ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.